ಬಸುರಿಯರೇ, ವಾಂತಿಯಾದ ಕೂಡಲೇ ಬ್ರಷ್ ಹಿಡಿಯಬೇಡಿ

ಹೊಟ್ಟೆಯಲ್ಲಿರುವ ಕೂಸು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತದೆ ಅಂತ ನಮ್ಮ ಸೇಡಂ ಕಡೆ ಇನ್ನೂ ಹೇಳುತ್ತಾರೆ. ಅದು ನಿಜವಲ್ಲ. ಹಲ್ಲು ಕೆಡಿಸುವುದು ವಾಂತಿಯ ಹುಳಿ, ಮತ್ತು ರಕ್ತ ಕಂಡು ಹೆದರಿ ಹಲ್ಲುಜ್ಜುವುದನ್ನೇ ಬಿಡುವುದು.

ಮೊದಲು ಮೆತ್ತನೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್ ತನ್ನಿ. ದಿನಕ್ಕೆ ಎರಡು ಸಲ ಉಜ್ಜಿ. ಮಿಶ್ರಿ ಮಾತ್ರ ಬೇಡವೇ ಬೇಡ, ಅದು ಹುರಿದ ತಂಬಾಕು. ಕೂಸಿನ ತೂಕ ಕಡಿಮೆಯಾಗುತ್ತದೆ. ಇದ್ದಿಲ ಪುಡಿಯೂ ಬೇಡ, ಹಲ್ಲು ಸವೆಸುತ್ತದೆ.

ಈಗ ವಾಂತಿಯ ವಿಷಯ. ಜಾಸ್ತಿ ಜನ ತಪ್ಪುವುದು ಇಲ್ಲೇ. ನನ್ನ ತಂಗಿ ವಾಂತಿ ಆದಾಗಲೆಲ್ಲ ಬಾಯಿ ವಾಸನೆ ಹೋಗಲಿ ಅಂತ ಬಚ್ಚಲಲ್ಲೇ ಗಸಗಸ ಉಜ್ಜುತ್ತಿದ್ದಳು. ಏಳನೇ ತಿಂಗಳಿಗೆ ಗಡಿಗೆಯ ತಣ್ಣೀರು ಕುಡಿದರೂ ಮುಂದಿನ ಹಲ್ಲು ಜುಮ್ ಅಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹೊಟ್ಟೆಯ ಆಮ್ಲ ಹಲ್ಲಿನ ಮೇಲ್ಪದರವನ್ನು ಸ್ವಲ್ಪ ಹೊತ್ತು ಮೆತ್ತಗೆ ಮಾಡಿರುತ್ತದೆ, ಆಗಲೇ ಉಜ್ಜಿದರೆ ಆ ಪದರವೇ ಸವೆಯುತ್ತದೆ, ಮತ್ತೆ ಬೆಳೆಯುವುದಿಲ್ಲ. ಅದಕ್ಕೆ ಹೀಗೆ ಮಾಡಿ: ಒಂದು ಲೋಟ ನೀರಿಗೆ ಭಜಿಗೆ ಹಾಕುವ ಸೋಡಾ ಒಂದು ಟೀ ಚಮಚ ಕದಡಿ, ಬಾಯಿ ತುಂಬ ಮುಕ್ಕಳಿಸಿ ಉಗುಳಿ. ನುಂಗಬೇಡಿ. ಸೋಡಾ ಇಲ್ವಾ, ಬರೀ ನೀರಾದರೂ ಸಾಕು. ಆಮೇಲೆ ಒಂದು ತಾಸು ಬಿಟ್ಟು ಉಜ್ಜಿ. ಪೇಸ್ಟಿನ ವಾಸನೆಗೇ ಓಕರಿಕೆ ಬಂದರೆ ಚಿಕ್ಕ ತಲೆಯ ಬ್ರಷ್ ತಗೊಳ್ಳಿ, ಮಕ್ಕಳದಾದರೂ ಸರಿ.

ಒಸಡಿನಲ್ಲಿ ರಕ್ತ ಬಂದರೆ ಹೆದರಬೇಡಿ. ಬಸುರಿನಲ್ಲಿ ಹಾರ್ಮೋನು ಜಾಸ್ತಿಯಾಗಿ ಒಸಡು ಬಾತಿರುತ್ತದೆ. ಉಜ್ಜುವುದು ಬಿಟ್ಟರೆ ಪಾಚಿ ಕಟ್ಟಿ ರಕ್ತ ಇನ್ನೂ ಹೆಚ್ಚಾಗುತ್ತದೆ. ಮೆಲ್ಲಗೆ ಉಜ್ಜಿ, ಉಗುರುಬೆಚ್ಚನೆ ಉಪ್ಪುನೀರು ಮುಕ್ಕಳಿಸಿ.

ಹಲ್ಲಿನ ಡಾಕ್ಟರ ಹತ್ತಿರ ಹೆರಿಗೆ ಆದಮೇಲೆ ಹೋದರಾಯಿತು ಅನ್ನುವುದು ದೊಡ್ಡ ತಪ್ಪು. ನಾಲ್ಕರಿಂದ ಆರನೇ ತಿಂಗಳು ಇದಕ್ಕೆ ಅನುಕೂಲದ ಕಾಲ. ಕೀವು, ಬಾವು ಇದ್ದರೆ ಯಾವ ತಿಂಗಳಾದರೂ ತಡ ಮಾಡಬೇಡಿ. ಹಲ್ಲಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಕೂಸಿಗೆ ಅಪಾಯವಲ್ಲ. ಅಪಾಯ ಇರುವುದು ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ ಕೇಳಿ ತರುವ ಗುಳಿಗೆಯಲ್ಲಿ: ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಕೂಸಿನ ಹಲ್ಲಿಗೆ ಕಲೆ ತರುತ್ತದೆ, ನೋವಿನ ಗುಳಿಗೆ ಐಬುಪ್ರೊಫೇನ್ ಬಸುರಿಗೆ 20 ವಾರ ಆದಮೇಲೆ ಕೂಡದು. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅಲ್ಲಿ ಹಲ್ಲಿನ ತೊಂದರೆಯನ್ನೂ ಹೇಳಿ. ತಾಯಿ ಕಾರ್ಡ್ ಹಲ್ಲಿನ ಡಾಕ್ಟರಿಗೂ ತೋರಿಸಿ. ಕೊನೆಯ ತಿಂಗಳುಗಳಲ್ಲಿ ಕುರ್ಚಿಯ ಮೇಲೆ ಅಂಗಾತ ಮಲಗಿದರೆ ತಲೆ ಸುತ್ತಬಹುದು, ಬಲಸೊಂಟದ ಕೆಳಗೆ ಒಂದು ದಿಂಬು ಇಡಲು ಕೇಳಿ, ಎಡಕ್ಕೆ ವಾಲಿ ಮಲಗಿ.