ಒಂದು ‘ರೆ’ ತೆಗೆಸಲು ಎರಡು ಗಂಟೆ

ಪಿಆರ್ (ಸಾರ್ವಜನಿಕ ಸಂಪರ್ಕ) ಕೆಲಸಕ್ಕೆ ಸೇರಿ ಮೂರನೇ ವರ್ಷ. ಬೆಂಗಳೂರಿನ ಒಂದು ಕೇಟರಿಂಗ್ ಕಂಪನಿ ನಮ್ಮ ಕ್ಲೈಂಟ್. ಮದುವೆ ಊಟ ಮಾಡಿದ ಕೆಲವರಿಗೆ ವಾಂತಿ ಶುರುವಾಗಿತ್ತು. ಮಾಲೀಕರು ಫೋನಿನಲ್ಲಿ, “ಏನೂ ಇಲ್ಲ, ಎಲ್ರೂ ಮನೆಗೆ ಹೋದ್ರು” ಎಂದರು. ‘ಯಾರೂ ಆಸ್ಪತ್ರೆಗೆ ದಾಖಲಾಗಿಲ್ಲ’ ಅಂತ ಪ್ರೆಸ್ ನೋಟ್ ಬರೆದು ಎಲ್ಲ ಪತ್ರಿಕೆಗೂ ಕಳಿಸಿದೆ. ಅರ್ಧ ಗಂಟೆಗೆ ಒಬ್ಬ ರಿಪೋರ್ಟರ್ ಫೋನ್ ಮಾಡಿದರು. “ನಾನು ವಾರ್ಡ್‌ನಲ್ಲೇ ನಿಂತಿದ್ದೀನಿ ಸಾರ್. ಆರು ಜನಕ್ಕೆ ಡ್ರಿಪ್ ಹಾಕಿದ್ದಾರೆ. ಇವರೆಲ್ಲ ಯಾರು ಹಾಗಾದ್ರೆ?”

ಆಮೇಲೆ ಎರಡು ವರ್ಷ ಅವರು ನನ್ನ ಫೋನ್ ಎತ್ತಲಿಲ್ಲ. ಕ್ಲೈಂಟ್ ಮಾತ್ರ ಖುಷಿಯಾಗಿ ಕಾಂಟ್ರಾಕ್ಟ್ ಮುಂದುವರಿಸಿದರು! ಹೆಸರು ಕೆಟ್ಟಿದ್ದು ನನ್ನದು.

ಅಂದಿನಿಂದ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯುತ್ತೇನೆ. ಎಡಕ್ಕೆ ಕಂಡದ್ದು, ಬಲಕ್ಕೆ ಕೇಳಿದ್ದು. ಪ್ರೆಸ್ ನೋಟಿಗೆ ಹೋಗುವುದು ಎಡಗಡೆಯದು ಮಾತ್ರ.

2023ರಲ್ಲಿ ಪನೀರ್ ತಯಾರಿಸುವ ಇನ್ನೊಂದು ಕ್ಲೈಂಟ್‌ಗೆ ಇಂಥದ್ದೇ ಕಷ್ಟ ಬಂತು. ಬೂಸ್ಟು ಹಿಡಿದ ಪ್ಯಾಕೆಟ್‌ನ ವಿಡಿಯೊ ಶುಕ್ರವಾರ ಸಂಜೆ ವಾಟ್ಸ್ಆ್ಯಪ್‌ನಲ್ಲಿ ಓಡಾಡತೊಡಗಿತು. “ಎದುರಾಳಿ ಕಂಪನಿಯವರ ಕೆಲಸ ಇದು, ಹಾಗೇ ಬರೀರಿ” ಎಂದರು ಮಾಲೀಕರು. ಅದು ಬಲಗಡೆಗೆ ಹೋಯಿತು. ನಾನು ಕಾರು ಹತ್ತಿ ಫ್ಯಾಕ್ಟರಿಗೆ ಹೋದೆ.

ಕೋಲ್ಡ್ ರೂಮಿನ ರಿಜಿಸ್ಟರ್ ನೋಡಿದೆ. ನಾಲ್ಕು ದಿನವೂ, ಪ್ರತಿ ಗಂಟೆಗೂ 4 ಡಿಗ್ರಿ. ಒಂದೇ ಪೆನ್ನು, ಒಂದೇ ಕೈಬರಹ. ರಾತ್ರಿ ಪಾಳಿಯ ಹುಡುಗ ಮೊದಲು ಮಾತಾಡಲಿಲ್ಲ. ಟೀ ಕುಡಿಸಿದ ಮೇಲೆ, “ಬುಧವಾರ ರಾತ್ರಿ ಕರೆಂಟ್ ಹೋಯ್ತು, ಜನರೇಟರ್ ಸ್ಟಾರ್ಟ್ ಆಗ್ಲಿಲ್ಲ” ಎಂದ.

ಪಿಆರ್ ತರಗತಿಗಳಲ್ಲಿ ಟೈಲೆನಾಲ್ ಎಂಬ ನೋವಿನ ಮಾತ್ರೆಯ ಕಥೆ ತಪ್ಪದೆ ಹೇಳುತ್ತಾರೆ. 1982ರಲ್ಲಿ ಶಿಕಾಗೊ ಸುತ್ತಮುತ್ತ ವಿಷ ಬೆರೆತ ಮಾತ್ರೆ ನುಂಗಿ ಏಳು ಜನ ಸತ್ತರು. ಅದನ್ನು ತಯಾರಿಸುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು. ದೊಡ್ಡ ಕೆಲಸವೇ. ಆದರೆ ಅಲ್ಲಿ ವಿಷ ಬೆರೆಸಿದ್ದು ಹೊರಗಿನವರು. ತಪ್ಪು ನಮ್ಮ ಜನರೇಟರ್‌ನದೇ ಆದಾಗ ಬಾಯಿ ಬಿಡುವುದು ಇನ್ನೂ ಕಷ್ಟ, ಅಲ್ವಾ?

ಬ್ಯಾಚ್ ವಾಪಸ್ ತರಿಸಲು ಮಾಲೀಕರು ರಾತ್ರಿ ಒಂಬತ್ತಕ್ಕೆ ಒಪ್ಪಿದರು. ಹೇಗೂ ಆಹಾರ ವಾಪಸ್ ತರಿಸುವ 2017ರ ನಿಯಮದ ಪ್ರಕಾರ ಆಹಾರ ಸುರಕ್ಷತಾ ಇಲಾಖೆಗೆ ತಿಳಿಸಲೇಬೇಕು ಎಂದು ನಾನು ಹೇಳಿದ್ದು ಕೆಲಸ ಮಾಡಿತು. ನಿಜವಾದ ಜಗಳ ಶುರುವಾಗಿದ್ದು ವಕೀಲರ ಜೊತೆ. ಅವರ ಕರಡಿನಲ್ಲಿ ‘ಗ್ರಾಹಕರಿಗೆ ತೊಂದರೆಯಾಗಿದ್ದರೆ ವಿಷಾದಿಸುತ್ತೇವೆ’ ಎಂದಿತ್ತು. ನನಗೆ ಆ ‘ರೆ’ ಬೇಡವಾಗಿತ್ತು. ಬೂಸ್ಟು ಕಣ್ಣಿಗೆ ಕಾಣುತ್ತಿರುವಾಗ ‘ಆಗಿದ್ದರೆ’ ಎಂದರೆ ಗ್ರಾಹಕರೇ ಸುಳ್ಳು ಹೇಳುತ್ತಿದ್ದಾರೆ ಎಂದಂತೆ. ‘ವಿಷಾದ’ವೂ ಬೇಡ, ಅದು ಸಾವಿನ ಮನೆಗೆ ಕಳಿಸುವ ಪದ. ವಕೀಲರಿಗೆ ‘ಕ್ಷಮಿಸಿ’ ಎಂದರೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಂತೆ. ಎರಡು ಗಂಟೆ ಎಳೆದಾಡಿದೆವು. ಕೊನೆಗೆ ‘ರೆ’ ಹೋಯಿತು, ‘ಕ್ಷಮೆ ಕೋರುತ್ತೇವೆ’ ಬಂತು. ಅದಕ್ಕೆ ಬದಲಾಗಿ, ತನಿಖೆ ಮುಗಿಯುವವರೆಗೆ ಕಾರಣದ ಬಗ್ಗೆ ಏನೂ ಹೇಳುವುದಿಲ್ಲ ಎಂಬ ಅವರ ಸಾಲನ್ನು ನಾನು ಒಪ್ಪಿಕೊಂಡೆ. ಅದು ಸರಿಯಾಯಿತೋ ಇಲ್ಲವೋ, ಈಗಲೂ ಅನುಮಾನ. ಜನರೇಟರ್ ವಿಷಯ ನನ್ನ ಹಾಳೆಯಲ್ಲಿ ಬಲಗಡೆಗೇ ಇತ್ತು ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಅಷ್ಟರಲ್ಲಿ ಮಾಲೀಕರು, “ಆನ್‌ಲೈನ್‌ನಲ್ಲಿ ಒಂದು ನೂರು ಫೈವ್ ಸ್ಟಾರ್ ರಿವ್ಯೂ ಹಾಕಿಸ್ಬಿಡಿ, ಎಲ್ರೂ ಹಾಕಿಸ್ತಾರೆ” ಎಂದರು. ಆಗಲ್ಲ ಎಂದೆ. ಲಂಡನ್ನಿನ ಬೆಲ್ ಪಾಟಿಂಜರ್ ಎಂಬ ದೊಡ್ಡ ಪಿಆರ್ ಸಂಸ್ಥೆ ದಕ್ಷಿಣ ಆಫ್ರಿಕಾದಲ್ಲಿ ಕ್ಲೈಂಟ್‌ಗಾಗಿ ಜನಾಂಗೀಯ ದ್ವೇಷ ಕೆರಳಿಸಿ, 2017ರಲ್ಲಿ ವೃತ್ತಿ ಸಂಘದಿಂದಲೇ ಹೊರಬಿದ್ದು ಅದೇ ತಿಂಗಳು ಕುಸಿದ ಕಥೆ ಹೇಳಿದೆ. ಅವರು ಆಕಳಿಸಿದರು. ಒಂದೇ ರಾತ್ರಿ ನೂರು ಹೊಗಳಿಕೆ ಬಂದರೆ ವಿಡಿಯೊ ಮಾಡಿದವನು ಅದರ ಮೇಲೆ ಇನ್ನೊಂದು ವಿಡಿಯೊ ಮಾಡ್ತಾನೆ ಎಂದೆ. ಅದು ಅರ್ಥವಾಯಿತು.

ಶನಿವಾರದ ಸುದ್ದಿ ಒಳಪುಟದಲ್ಲಿ, ಚಿಕ್ಕದಾಗಿ ಬಂತು. ಭಾನುವಾರ ಸುಮ್ನೆ ನೋಡಿದರೆ ಹನ್ನೊಂದು ಹೊಸ ಫೈವ್ ಸ್ಟಾರ್! ಮಾಲೀಕರಿಗೆ ಫೋನ್ ಮಾಡಿದೆ. “ನಮ್ಮ ಬಾಮೈದನ ಹುಡುಗ್ರು ಸಾರ್, ಅಭಿಮಾನಕ್ಕೆ ಹಾಕಿದ್ದಾರೆ” ಎಂದರು. ಸಂಜೆಯೊಳಗೆ ಎಂಟು ಅಳಿಸಿದರು. ಮೂರು ಇನ್ನೂ ಇವೆ.