ತುಮಕೂರಿನಿಂದ ಮೈಸೂರಿಗೆ ಒಬ್ಬರೇ ರೈಲಿನಲ್ಲಿ: ವಿಶ್ವವಿದ್ಯಾನಿಲಯದ ನಗರವನ್ನು ಒಂದು ದಿನದಲ್ಲಿ ನೋಡುವ ಬಗೆ

ತುಮಕೂರಿನಿಂದ ಮೈಸೂರು ನೋಡಲು ಹೊರಡುವವರಲ್ಲಿ ಹೆಚ್ಚಿನವರು ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ಬೃಂದಾವನ ಎಂಬ ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸುವ ಲೆಕ್ಕ ಹಾಕಿ ಹತ್ತು ಹನ್ನೆರಡು ಮಂದಿ ಸೇರಿ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುತ್ತಾರೆ. ಒಬ್ಬರೇ ರೈಲಿನಲ್ಲಿ ಹೋಗುವವರು ಈ ನಾಲ್ಕನ್ನೂ ಬಿಟ್ಟುಬಿಡುವುದು ಒಳ್ಳೆಯದೆಂಬುದು ನನ್ನ ಸಲಹೆ. ಅದರ ಬದಲು ಮೈಸೂರು ವಿಶ್ವವಿದ್ಯಾನಿಲಯದ ಸುತ್ತಮುತ್ತಲಿನ ಜಾಗಗಳನ್ನು ನೋಡಿ. ಕುಕ್ಕರಹಳ್ಳಿ ಕೆರೆ, ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿ, ಪ್ರಾಚ್ಯವಿದ್ಯಾ ಸಂಶೋಧನಾಲಯ, ಕ್ರಾಫರ್ಡ್ ಭವನ, ಮಹಾರಾಜ ಕಾಲೇಜು ಇವೆಲ್ಲವೂ ನಗರದ ಪಶ್ಚಿಮ ಭಾಗದಲ್ಲಿ, ರೈಲು ನಿಲ್ದಾಣಕ್ಕೆ ಹತ್ತಿರದಲ್ಲಿ, ಹೆಚ್ಚಿನ ದಾರಿಯನ್ನು ಕಾಲ್ನಡಿಗೆಯಲ್ಲೇ ಸವೆಸಬಹುದಾದಷ್ಟು ಒತ್ತಾಗಿವೆ. ಜೊತೆಯಲ್ಲಿ ಯಾರೂ ಇಲ್ಲದಿದ್ದಾಗ ನಿಂತು ನೋಡುವುದಕ್ಕೆ, ಕುಳಿತು ಓದುವುದಕ್ಕೆ ಇಂತಹ ಜಾಗಗಳೇ ಹಿತ.

ತುಮಕೂರಿನವರಿಗೆ ಈ ವಿಶ್ವವಿದ್ಯಾನಿಲಯ ಪರಕೀಯವಲ್ಲ. 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಆರಂಭವಾದ ಇದು ಬ್ರಿಟಿಷರ ನೇರ ಆಡಳಿತದ ಹೊರಗೆ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾನಿಲಯ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೂ 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವೂ ಬರುವ ಮುಂಚೆ ನಮ್ಮ ಜಿಲ್ಲೆಯಲ್ಲಿ ಬಿ.ಎ. ಮಾಡಿದ ಹಿರಿಯರ ಪದವಿಪತ್ರದ ಮೇಲೆ ಇದ್ದದ್ದು ಮೈಸೂರಿನ ಗಂಡಭೇರುಂಡವೇ.

ಪ್ರಯಾಣದ ಯೋಜನೆಯನ್ನು ಹಿಂದುಮುಂದಾಗಿ ಮಾಡಬೇಕು, ಅಂದರೆ ಮರಳುವ ರೈಲನ್ನು ಮೊದಲು ಗೊತ್ತುಮಾಡಿಕೊಂಡು ಅನಂತರ ಹೋಗುವ ರೈಲನ್ನು ಆರಿಸಬೇಕು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು, ಅಲ್ಲಿಂದ ಮೈಸೂರಿಗೆ ಸುಮಾರು 138 ಕಿಲೋಮೀಟರು; ಒಟ್ಟು 200 ದಾಟುವ ಈ ದೂರವನ್ನು ಒಂದೇ ದಿನದಲ್ಲಿ ಎರಡು ಬಾರಿ ಕ್ರಮಿಸುವಾಗ ಹೋಗುವ ರೈಲು ತಪ್ಪಿದರೆ ಮನೆಗೆ ವಾಪಸಾದರಾಯಿತು, ಆದರೆ ಬರುವ ರೈಲು ತಪ್ಪಿದರೆ ರಾತ್ರಿಯ ಪಾಡೇನು ಎಂಬ ಪ್ರಶ್ನೆ ಏಳುತ್ತದೆ. ಬೆಂಗಳೂರು–ಮೈಸೂರು ನಡುವೆ ಹೆಸರಾದ ಚಾಮುಂಡಿ ಎಕ್ಸ್‌ಪ್ರೆಸ್ ನಮ್ಮ ನೆರವಿಗೆ ಬರುವುದಿಲ್ಲ, ಏಕೆಂದರೆ ಅದು ಬೆಳಿಗ್ಗೆ ಮೈಸೂರಿನಿಂದ ರಾಜಧಾನಿಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರಿಗಾಗಿ ಓಡುವ ಗಾಡಿ. ಒಡೆಯರ್ ಎಕ್ಸ್‌ಪ್ರೆಸ್ ಕೂಡ ಮೈಸೂರಿನವರ ಅನುಕೂಲಕ್ಕೇ ಹೊಂದುವಂಥದ್ದು.

ನಮಗೆ ಒದಗುವ ನೇರ ರೈಲು ತಾಳಗುಪ್ಪದಿಂದ ಶಿವಮೊಗ್ಗ, ತುಮಕೂರು, ಬೆಂಗಳೂರು ಮಾರ್ಗವಾಗಿ ಮೈಸೂರು ಸೇರುವ 16228. ಬೆಳಗಿನ ಜಾವ ತುಮಕೂರಿಗೆ ಬರುವ ಇದು ಮೈಸೂರಿನಲ್ಲೇ ಕೊನೆಗೊಳ್ಳುವುದರಿಂದ ಇಳಿಯುವ ಊರು ಎಲ್ಲಿ ತಪ್ಪಿಹೋಗುವುದೋ ಎಂಬ ಆತಂಕವಿಲ್ಲದೆ ನಿದ್ದೆ ಮಾಡಬಹುದು. ಇದರ ಜೋಡಿ ರೈಲು 16227 ಸಂಜೆಗತ್ತಲಿನ ನಂತರ ಮೈಸೂರನ್ನು ಬಿಟ್ಟು ನಡುರಾತ್ರಿಯ ಆಸುಪಾಸಿನಲ್ಲಿ ತುಮಕೂರು ತಲುಪುತ್ತದೆ. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ತಾರೀಖಿನದು: ಗುರುವಾರ ಮೈಸೂರಿನಲ್ಲಿರಬೇಕಾದವರು ಬುಧವಾರ ರಾತ್ರಿ ಊಟ ಮುಗಿಸಿ, ನಾಲ್ಕು ಗಂಟೆ ಮಲಗಿ ಎದ್ದು ನಿಲ್ದಾಣಕ್ಕೆ ಹೋಗುತ್ತಾರಾದರೂ, ರೈಲು ತುಮಕೂರಿಗೆ ಬರುವ ವೇಳೆಗೆ ಗುರುವಾರ ಹುಟ್ಟಿರುತ್ತದೆಯಾದ್ದರಿಂದ ಟಿಕೆಟ್ಟನ್ನು ಗುರುವಾರದ ತಾರೀಖಿಗೇ ಕಾಯ್ದಿರಿಸಬೇಕು. ಎರಡನೆಯದು ಹೆಸರಿನದು: ಮೈಸೂರು ನಿಲ್ದಾಣದಲ್ಲಿ ತಾಳಗುಪ್ಪ ಎಂಬ ಫಲಕ ಹೊತ್ತು ಹೊರಡುವ ರೈಲು ಇದೊಂದೇ ಅಲ್ಲ, ಹಾಸನ, ಅರಸೀಕೆರೆ ಮಾರ್ಗವಾಗಿ ಹೋಗುವವೂ ಇವೆ, ಮತ್ತು ಅವು ತುಮಕೂರಿನ ಕಡೆ ತಲೆ ಹಾಕುವುದಿಲ್ಲ. ಊರಿನ ಹೆಸರಿಗಿಂತ ರೈಲಿನ ಸಂಖ್ಯೆಯನ್ನೇ ನಂಬಿ ಹತ್ತುವುದು ಕ್ಷೇಮ. ರೈಲಿನ ವೇಳೆಗಳು ಆಗಾಗ ಪರಿಷ್ಕರಣೆಯಾಗುತ್ತಲೇ ಇರುವುದರಿಂದ, ಟಿಕೆಟ್ ಮಾಡಿಸುವ ದಿನವೂ ಹೊರಡುವ ಹಿಂದಿನ ದಿನವೂ ರೈಲ್ವೆಯ 139 ಸಂಖ್ಯೆಯಲ್ಲೋ ಆ್ಯಪಿನಲ್ಲೋ ಒಮ್ಮೆ ನೋಡಿಕೊಳ್ಳಿ.

ಬರ್ತ್ ಆರಿಸುವಾಗ ಮೇಲಿನದನ್ನು ಅಥವಾ ಸೈಡ್ ಅಪ್ಪರನ್ನು ಕೇಳಿ. ಆ ಹೊತ್ತಿನಲ್ಲಿ ಕೆಳಗಿನ ಬರ್ತಿನಲ್ಲಿ ಬೇರೆ ಯಾರೋ ಕಾಲು ಚಾಚಿ ಮಲಗಿರುವುದು ಸಾಮಾನ್ಯ, ಅವರನ್ನು ಎಬ್ಬಿಸಿ ವಾದಿಸುವ ಕೆಲಸ ಒಬ್ಬಂಟಿ ಪ್ರಯಾಣಿಕರಿಗೆ ಬೇಡ.

ಮುಂಜಾವದ ನಿಲ್ದಾಣ ಬೇಡವೆನ್ನುವವರು, ಮುಖ್ಯವಾಗಿ ಮೊದಲ ಸಲ ಒಬ್ಬರೇ ಹೊರಟ ಹೆಣ್ಣುಮಕ್ಕಳು, ಬೆಳಗಿನ ಯಾವುದಾದರೊಂದು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿ ಮೈಸೂರಿನ ರೈಲು ಹಿಡಿಯಬಹುದು. ದಿನವೂ ಕೆಲಸಕ್ಕೆ ಹೋಗಿಬರುವವರು ತುಂಬಿರುವ ಗಾಡಿಗಳಾದ್ದರಿಂದ ಕೂರಲು ಜಾಗ ಸಿಗದಿರಬಹುದು, ಆದರೆ ಭಯಪಡುವಂಥದ್ದು ಏನೂ ಇಲ್ಲ. ರೈಲು ಮೆಜೆಸ್ಟಿಕ್ ಬಳಿಯ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಹೋಗುತ್ತದೆಯೋ ಯಶವಂತಪುರದಲ್ಲೇ ನಿಲ್ಲುತ್ತದೆಯೋ ಎಂಬುದನ್ನು ಮೊದಲೇ ತಿಳಿದಿರಬೇಕು. ಯಶವಂತಪುರವಾದರೆ ಮೆಟ್ರೊ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬರಲು ಅರ್ಧ ಗಂಟೆಯನ್ನಾದರೂ ಕೈಯಲ್ಲಿಟ್ಟುಕೊಳ್ಳಿ. ಮೊಬೈಲಿನಲ್ಲಿ ಕಾಯ್ದಿರಿಸದ ಟಿಕೆಟ್ ತೆಗೆಯುವವರು ರೈಲು ಹತ್ತುವ ಮುಂಚೆಯೇ ತೆಗೆಯಬೇಕು. ಹತ್ತುವ ರೈಲು ಸೂಪರ್‌ಫಾಸ್ಟ್ ಆಗಿದ್ದರೆ ಸಾಮಾನ್ಯ ಎಕ್ಸ್‌ಪ್ರೆಸ್ ಟಿಕೆಟ್ ಸಾಲದು, ಅದರ ಹೆಚ್ಚುವರಿ ಶುಲ್ಕ ಬೇರೆ ಇರುತ್ತದೆ.

ವಾರದ ದಿನವನ್ನು ಆರಿಸುವುದೂ ಮುಖ್ಯ. ಭಾನುವಾರ ಅರಮನೆಯ ದೀಪಾಲಂಕಾರವಿರುತ್ತದೆ ನಿಜ, ಆದರೆ ವಿಶ್ವವಿದ್ಯಾನಿಲಯ ಬಾಗಿಲು ಹಾಕಿಕೊಂಡಿರುತ್ತದೆ. ಎರಡನೆಯ ಶನಿವಾರವೂ ಹಾಗೆಯೇ. ಮಂಗಳವಾರದಿಂದ ಗುರುವಾರದವರೆಗಿನ ದಿನಗಳು ನನ್ನ ಮೆಚ್ಚಿನವು. ದಸರಾ ಸಮಯದಲ್ಲಿ ಈ ಪ್ರವಾಸ ಬೇಡವೇ ಬೇಡ.

ರೈಲು ಮಂಡ್ಯ ದಾಟಿದ ಮೇಲೆ ಎದ್ದು ಕುಳಿತುಕೊಳ್ಳಿ. ಪಾಂಡವಪುರ ಕಳೆದ ಬಳಿಕ ಹಳಿ ಕಾವೇರಿಯ ಒಂದು ಕವಲನ್ನು ದಾಟಿ ಶ್ರೀರಂಗಪಟ್ಟಣದ ದ್ವೀಪವನ್ನು ಹೊಕ್ಕು, ಇನ್ನೊಂದು ಕವಲನ್ನು ದಾಟಿ ಹೊರಬೀಳುತ್ತದೆ. ಈ ಮಾರ್ಗವನ್ನು ಜೋಡಿ ಹಳಿಯಾಗಿಸುವಾಗ ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಅಡ್ಡ ಬಂದಿತ್ತು. 2017ರಲ್ಲಿ ಅದನ್ನು ಕೆಡವದೆ, ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು.

ಮೈಸೂರಿನಲ್ಲಿ ಇಳಿದ ಕೂಡಲೇ ಹೊರಗೆ ಓಡಬೇಡಿ. ಟಿಕೆಟ್ ಇದ್ದವರಿಗೆ ತೆರೆದಿರುವ ನಿರೀಕ್ಷಣಾ ಕೊಠಡಿಯಲ್ಲಿ ಮುಖ ತೊಳೆದು, ನೀರಿನ ಬಾಟಲಿ ತುಂಬಿಸಿಕೊಂಡು, ಅಲ್ಲೇ ಹತ್ತಿರದಲ್ಲಿ ತಿಂಡಿ ಮುಗಿಸಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಒಗ್ಗಿದ ನಾಲಿಗೆಗೆ ಮೈಸೂರಿನಲ್ಲಿ ಇಡ್ಲಿ ಕೇಳುವ ಆಸೆ ಸಹಜವಾದರೂ, ಇಲ್ಲಿ ಕೇಳಬೇಕಾದದ್ದು ಸಾಗು ಮತ್ತು ಬೆಣ್ಣೆಯೊಂದಿಗೆ ಬರುವ ಮೆತ್ತನೆಯ ದೋಸೆ. ಅನಂತರ ಆಟೊದಲ್ಲಿ ನೇರವಾಗಿ ಕುಕ್ಕರಹಳ್ಳಿ ಕೆರೆಗೆ ಹೋಗಿ, ಏಕೆಂದರೆ ಕೆರೆಯ ಏರಿ ನಡೆಯಲು ತಕ್ಕ ಹೊತ್ತು ಬೆಳಿಗ್ಗೆ ಮತ್ತು ಸಂಜೆ ಮಾತ್ರ, ಮತ್ತು ಸಂಜೆಗೆ ನಮಗೆ ಬೇರೆ ಕೆಲಸವಿದೆ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಈ ಕೆರೆಯನ್ನು ಪೂರ್ತಿ ಸುತ್ತುವುದೆಂದರೆ ಒಂದು ಗಂಟೆಗೂ ಮೀರಿದ ನಡಿಗೆ. ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ನೀರಿನ ಮೇಲೆ ಸಾಲಾಗಿ ತೇಲುತ್ತ, ಒಂದರ ಹಿಂದೊಂದು ಕೊಕ್ಕನ್ನು ಅದ್ದಿ, ಕತ್ತಿನ ಚೀಲವನ್ನು ಬಲೆಯಂತೆ ಹಿಗ್ಗಿಸಿ ಮೀನು ಹಿಡಿಯುವುದನ್ನು ನೋಡಲು ಸಿಮೆಂಟು ಬೆಂಚಿನ ಮೇಲೆ ಸುಮ್ಮನೆ ಕೂರಬೇಕು. ಕುವೆಂಪು ಅವರ ನಡಿಗೆಯ ಜಾಗವೂ ಇದೇ ಆಗಿತ್ತು. ಕೆರೆಗೆ ಹೊಂದಿಕೊಂಡಂತೆಯೇ ಸ್ನಾತಕೋತ್ತರ ವಿಭಾಗಗಳ ಆವರಣವಿದೆ. ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ರೂಪುಗೊಂಡ ಈ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರನ್ನಿಟ್ಟವರೂ ಅವರೇ. ಕಾವಲುಗಾರರು ಕೇಳಿದರೆ ಗುರುತಿನ ಚೀಟಿ ತೋರಿಸಿ, ನೋಡಲು ಬಂದಿರುವುದಾಗಿ ಹೇಳಿದರೆ ಸಾಕು. ಮರಗಳ ನಡುವಿನ ರಸ್ತೆಗಳಲ್ಲಿ ನಡೆಯುತ್ತ ಜಯಲಕ್ಷ್ಮೀವಿಲಾಸ ಅರಮನೆಯವರೆಗೆ ಹೋಗಿಬನ್ನಿ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ ಈ ಭವನವನ್ನು ಹೊರಗಿನಿಂದ ನೋಡಿದರೂ ನಡೆದ ಶ್ರಮ ವ್ಯರ್ಥವಾಗುವುದಿಲ್ಲ.

ಕಚೇರಿಗಳು ತೆರೆಯುವ ಹೊತ್ತಿಗೆ ಕೃಷ್ಣರಾಜ ಬುಲೆವಾರ್ಡ್ ರಸ್ತೆಗೆ ಬನ್ನಿ. ಇಡೀ ದಿನದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ. 1891ರಲ್ಲಿ ಪ್ರಾಚ್ಯ ಗ್ರಂಥಾಲಯವಾಗಿ ಆರಂಭವಾದ ಇದಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ, ಗ್ರಂಥಲಿಪಿಯಲ್ಲಿ ಬರೆದ ತಾಳೆಗರಿಯ ಕಟ್ಟೊಂದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದನ್ನು 1905ರಲ್ಲಿ ಗುರುತಿಸಿದವರು ಇಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. ಬೇರೆ ಗ್ರಂಥಗಳ ಉಲ್ಲೇಖಗಳಲ್ಲಿ ಮಾತ್ರ ಹೆಸರು ಉಳಿದಿದ್ದ ಈ ಕೃತಿಯನ್ನು ಅವರು 1909ರಲ್ಲಿ ಅಚ್ಚು ಹಾಕಿಸಿದ ಮೇಲೆಯೇ ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತು ಮತ್ತೊಮ್ಮೆ ಯೋಚಿಸುವಂತಾಯಿತು. ಕಚೇರಿಯಲ್ಲಿ ವಿನಯದಿಂದ ಅನುಮತಿ ಕೇಳಿ. ಸಂಶೋಧಕರಲ್ಲದವರು ಹಸ್ತಪ್ರತಿಗಳನ್ನು ಮುಟ್ಟುವಂತಿಲ್ಲ. ಒಂದು ಗರಿಯನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದರೆ ಅಕ್ಷರಗಳು ಬರೆದವಲ್ಲ, ಕಬ್ಬಿಣದ ಕಂಟದಿಂದ ಕೊರೆದವು ಎಂಬುದನ್ನು ಗಮನಿಸಿ: ಕೊರೆದ ಗೀರಿನೊಳಗೆ ದೀಪದ ಕಪ್ಪನ್ನು ತೀಡಿ ತುಂಬಿದಾಗಲೇ ಅದು ಓದಲು ಬರುವಂತೆ ಎದ್ದು ಕಾಣುತ್ತದೆ.

ಇದೇ ಸುತ್ತಿನಲ್ಲಿ ಹಳೆಯ ಜಿಲ್ಲಾಧಿಕಾರಿ ಕಚೇರಿಯ ಕಟ್ಟಡವೂ, 1947ರ ಕ್ರಾಫರ್ಡ್ ಭವನವೂ ಇವೆ. ಎರಡನೆಯದು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ. ಅಂಕಪಟ್ಟಿಗಾಗಿ ಅಲೆಯುವ ವಿದ್ಯಾರ್ಥಿಗಳ ನಡುವೆ ಒಳಹೊಕ್ಕು ನೋಡುವಂಥದ್ದು ಕಡಿಮೆ, ಮುಂಭಾಗವನ್ನು ನೋಡಿದರೆ ಆಯಿತು.

ಮಹಾರಾಜ ಕಾಲೇಜಿಗೆ ಮಧ್ಯಾಹ್ನದ ಊಟದ ನಂತರ ಹೋಗಿ. ಬಿ.ಎಂ. ಶ್ರೀಕಂಠಯ್ಯನವರು ಇಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ಕನ್ನಡದ ಪಕ್ಷ ವಹಿಸಿದರು. ಅವರು ಹುಟ್ಟಿದ್ದು ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಮೈಸೂರಿನಲ್ಲೇ ಕಲಿತು ಕನ್ನಡದ ದೊಡ್ಡ ವಿದ್ವಾಂಸರಾದ ತೀ.ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಈ ಇಬ್ಬರು ಶ್ರೀಕಂಠಯ್ಯನವರನ್ನು ಮೈಸೂರಿಗೆ ಕೊಟ್ಟ ಜಿಲ್ಲೆ ತಮ್ಮದೆಂಬ ಹೆಮ್ಮೆಯನ್ನು ತುಮಕೂರಿನವರು ಈ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ಅನುಭವಿಸಿದರೆ ತಪ್ಪಿಲ್ಲ. ತರಗತಿ ನಡೆಯುತ್ತಿರುವಾಗ ಬಾಗಿಲಲ್ಲಿ ನಿಂತು ಫೋಟೊ ತೆಗೆಯುವುದು ಮಾತ್ರ ತರವಲ್ಲ.

ಕಾಲೇಜಿನಿಂದ ನಿಲ್ದಾಣಕ್ಕೆ ಜೆ.ಎಲ್.ಬಿ. ರಸ್ತೆ ಹಿಡಿದು, ಮೆಟ್ರೊಪೋಲ್ ವೃತ್ತ ದಾಟಿ ಉತ್ತರಕ್ಕೆ ನಡೆದರೆ ಅರ್ಧ ಗಂಟೆಯೊಳಗೆ ತಲುಪಬಹುದು. 1918ರಿಂದ ಈ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ ಸರ್ವಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ಹೂವಿನಿಂದ ಅಲಂಕರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ಕುದುರೆಯನ್ನು ಬಿಚ್ಚಿ, ವಿದ್ಯಾರ್ಥಿಗಳೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಸಮಯ ಉಳಿದವರು ನಡುವೆ ದೇವರಾಜ ಮಾರುಕಟ್ಟೆಯ ಕಡೆ ತಿರುಗಿ ಮನೆಗೆ ಮೈಸೂರು ಮಲ್ಲಿಗೆಯನ್ನೋ ನಂಜನಗೂಡು ರಸಬಾಳೆಯನ್ನೋ ಕೊಳ್ಳಬಹುದು. ರಸಬಾಳೆ ಬಲುಬೇಗ ಮೆತ್ತಗಾಗುವ ಹಣ್ಣಾದ್ದರಿಂದ ಸ್ವಲ್ಪ ದೋರೆಯಾಗಿರುವುದನ್ನೇ ಆರಿಸಿ, ಚೀಲದ ಮೇಲ್ಭಾಗದಲ್ಲಿಡಿ.

ಮರಳುವಾಗ ರೈಲು ಹೊರಡುವ ಅರ್ಧ ಗಂಟೆ ಮುಂಚೆ ಪ್ಲಾಟ್‌ಫಾರ್ಮಿನಲ್ಲಿರಿ. ರಾತ್ರಿ ಪ್ರಯಾಣ ಬೇಡವಾದರೆ, ಸಂಜೆಯ ಸುತ್ತಾಟವನ್ನು ಕೈಬಿಟ್ಟು, ಮಧ್ಯಾಹ್ನದ ನಂತರ ಮೈಸೂರಿನಿಂದ ಬೆಂಗಳೂರು, ತುಮಕೂರು ಮಾರ್ಗವಾಗಿ ಹೊರಡುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯಬಹುದು. ಬೆಂಗಳೂರಿನವರೆಗೆ ಮಾತ್ರ ರೈಲು ಸಿಕ್ಕಿತೆಂದರೂ ಗಾಬರಿ ಬೇಡ, ನಿಲ್ದಾಣದ ಎದುರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ತುಮಕೂರಿನ ಕಡೆಗೆ ರಾತ್ರಿಯೂ ಬಸ್ಸುಗಳಿರುತ್ತವೆ. 16227ರಲ್ಲಿ ಬರುವವರಿಗೆ ತುಮಕೂರು ನಡುದಾರಿಯ ನಿಲ್ದಾಣ, ನಿಲುಗಡೆ ಕೆಲವೇ ನಿಮಿಷ. ಆದ್ದರಿಂದ ಬೆಂಗಳೂರು ಬಿಟ್ಟ ಮೇಲೆ ಮಲಗದಿರುವುದೇ ಲೇಸು, ಮಲಗಲೇಬೇಕೆಂದರೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡು, ಚೀಲವನ್ನು ಬೋಗಿಯ ಬಾಗಿಲಿನ ಹತ್ತಿರಕ್ಕೆ ಮೊದಲೇ ತಂದಿಟ್ಟುಕೊಳ್ಳಿ. ದಾಬಸ್‌ಪೇಟೆ, ಹಿರೇಹಳ್ಳಿ, ಕ್ಯಾತ್ಸಂದ್ರ ಒಂದರ ನಂತರ ಒಂದು ಹಾದುಹೋದವೆಂದರೆ ಮುಂದಿನದು ನಮ್ಮದು. ಅಷ್ಟು ಹೊತ್ತಿನಲ್ಲಿ ನಿಲ್ದಾಣದ ಹೊರಗೆ ಆಟೊಗಳನ್ನು ನೆಚ್ಚಿಕೊಳ್ಳುವ ಬದಲು, ಮನೆಯವರಲ್ಲಿ ಒಬ್ಬರು ಸ್ಕೂಟರ್ ತರುವಂತೆ ಯಶವಂತಪುರದಲ್ಲಿರುವಾಗಲೇ ಕರೆ ಮಾಡಿಬಿಡಿ.