ಹೊತ್ತುಗೊತ್ತಿಲ್ಲದ ದಿನಗಳಲ್ಲಿ ಕೆಲಸ, ಮನೆ, ಮನಸ್ಸು

ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ಓಡಾಡುವವರ ಬದುಕೆಲ್ಲ ರೈಲಿನ ಟೈಮಿನ ಮೇಲೆಯೇ ನಡೆಯುತ್ತದೆ. ಕುಕ್ಕರ್ ಇಡುವುದು, ಸ್ನಾನ, ಡಬ್ಬಿ ಕಟ್ಟುವುದು, ಎಲ್ಲವೂ ಮಾರಿಕುಪ್ಪಂ ಕಡೆಯಿಂದ ಬರುವ ಗಾಡಿಯ ಲೆಕ್ಕದಲ್ಲೇ. ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೆ.ಆರ್.ಪುರಂ ದಾಟಿ ಕಂಟೋನ್ಮೆಂಟ್‌ನಲ್ಲಿ ಇಳಿಯುವಷ್ಟರಲ್ಲಿ ಮನೆಯ ಯೋಚನೆ ಹಿಂದೆ ಸರಿದು ಆಫೀಸಿನ ಕೆಲಸ ತಲೆಗೆ ಬಂದಿರುತ್ತದೆ. ಸಂಜೆ ವಾಪಸ್ ಬರುವಾಗ ಆಫೀಸು ಹಾಗೆಯೇ ಕಳಚಿಕೊಳ್ಳುತ್ತದೆ. ಅಷ್ಟು ಸುಸ್ತಾಗುವ ಪ್ರಯಾಣ ನನಗೆ ಇಷ್ಟೆಲ್ಲ ಮಾಡಿಕೊಡುತ್ತಿತ್ತು ಅನ್ನುವುದು ಗೊತ್ತಾದದ್ದು ಅದು ನಿಂತ ಮೇಲೆ.

2020ರ ಮಾರ್ಚ್ 22, ಜನತಾ ಕರ್ಫ್ಯೂ ದಿನ ರೈಲು ನಿಂತವು. 25ನೇ ತಾರೀಕು ಯುಗಾದಿ. ಅವತ್ತಿನಿಂದಲೇ ದೇಶಕ್ಕೆಲ್ಲ ಲಾಕ್‌ಡೌನ್. ಬೇವು ಬೆಲ್ಲ ಹಂಚಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆ. ನಾನು ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ನೋಡುವವಳು. ಮನೆಯಲ್ಲಿ ಬಿಪಿ, ಶುಗರ್ ಇರುವ ಅತ್ತೆ. ಯಜಮಾನರದು ಹಾರ್ಡ್‌ವೇರ್ ಅಂಗಡಿ, ಬಾಗಿಲು ಹಾಕಿತ್ತು. ಮಗಳು ಎಸ್‌ಎಸ್‌ಎಲ್‌ಸಿ. 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಮುಂದೆ ಹೋಗಿತ್ತು. ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಪುಸ್ತಕ ಮುಚ್ಚುವ ಹಾಗೂ ಇಲ್ಲ, ಓದಲು ಮನಸ್ಸೂ ಇಲ್ಲ. ಎರಡು ಕೋಣೆ ಮನೆಯಲ್ಲಿ ನಾಲ್ಕು ಜನ, ನಾಲ್ಕು ಥರದ ಚಿಂತೆ.

ಆಗ ಎಲ್ಲರೂ ಹೇಳುತ್ತಿದ್ದದ್ದು ಒಂದೇ, ಪಾಸಿಟಿವ್ ಆಗಿ ಯೋಚಿಸಿ ಅಂತ. ನನಗೆ ಅದರಿಂದ ಏನೂ ಆಗಲಿಲ್ಲ. ಸಹಾಯಕ್ಕೆ ಬಂದದ್ದು ದಿನಕ್ಕೆ ಹೊತ್ತು ಗೊತ್ತು ಮಾಡಿದ್ದು. ಕೆಲಸ ಎಲ್ಲಿ ಶುರು, ಎಲ್ಲಿ ಮುಗಿಯಬೇಕು, ನಡುವೆ ಯಾರಿಗೆ ಎಷ್ಟು ಹೊತ್ತು, ಇಷ್ಟನ್ನು ಗೊತ್ತು ಮಾಡಿಕೊಂಡ ಮೇಲೆ ಮನಸ್ಸು ತಾನೇ ಸ್ವಲ್ಪ ಸ್ವಲ್ಪ ಹತೋಟಿಗೆ ಬಂತು.

ಬೆಳಗ್ಗೆ ಗಾಡಿ ಹಿಡಿಯುತ್ತಿದ್ದ ಹೊತ್ತಿಗೇ ಸ್ನಾನ ಮುಗಿಸಿ ಮಹಡಿ ಹತ್ತುತ್ತಿದ್ದೆ. ನೈಟಿಯಲ್ಲಲ್ಲ, ಆಫೀಸಿಗೆ ಹಾಕುವ ಚೂಡಿದಾರದಲ್ಲೇ. ನೀರಿನ ಟ್ಯಾಂಕಿನಿಂದ ಪ್ಯಾರಾಪೆಟ್‌ವರೆಗೆ ಅರ್ಧ ಗಂಟೆ ನಡೆಯುವುದು, ಫೋನ್ ಕೆಳಗೇ ಬಿಟ್ಟು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹಕ್ಕೆ ಹಗಲು ಶುರುವಾದದ್ದು ತಿಳಿಯುತ್ತದೆ. ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುವುದಕ್ಕೂ ಅದೇ ಆಧಾರ. ಮನೆಯೊಳಗೇ ಟ್ಯೂಬ್‌ಲೈಟ್ ಕೆಳಗೆ ಹಗಲು ಕಳೆದರೆ ರಾತ್ರಿ ಒಂದು ಗಂಟೆಯಾದರೂ ಕಣ್ಣು ಮುಚ್ಚುವುದಿಲ್ಲ. ಒಂದು ವಾರದಲ್ಲಿ ನನಗೇ ವ್ಯತ್ಯಾಸ ಕಂಡಿತು. ಆಮೇಲೆ ಮಗಳನ್ನೂ ಎಬ್ಬಿಸಿ ಕರೆದುಕೊಂಡು ಹೋಗತೊಡಗಿದೆ. ಅವಳು ಸಮಾಜ ವಿಜ್ಞಾನದ ಪ್ರಶ್ನೆಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ನಡೆಯುತ್ತಿದ್ದಳು. ಪರೀಕ್ಷೆ ಕೊನೆಗೆ ಜೂನ್ 25ಕ್ಕೆ ಶುರುವಾಯಿತು. ಅಲ್ಲಿಯವರೆಗೂ ಅವಳ ಓದು ಉಳಿದದ್ದು ಮಹಡಿ ಮೇಲೆ.

ಕೆಲಸದ್ದು ದೊಡ್ಡ ಕಥೆ. ಮಾರ್ಚ್ ಕೊನೆಯಲ್ಲಿ ಸರ್ಕಾರ ಪಿಎಫ್‌ನಿಂದ ಕೋವಿಡ್ ಮುಂಗಡ ತೆಗೆದುಕೊಳ್ಳಲು ಅವಕಾಶ ಕೊಟ್ಟಿತು. ಮೂರು ತಿಂಗಳ ಬೇಸಿಕ್ ಮತ್ತು ಡಿಎ, ಇಲ್ಲವೇ ಖಾತೆಯಲ್ಲಿ ಇರುವುದರಲ್ಲಿ ಶೇ 75, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ವಾಪಸ್ ಕಟ್ಟಬೇಕಾಗಿರಲಿಲ್ಲ. ಹೊಲಿಗೆ ವಿಭಾಗದ ಹೆಣ್ಣುಮಕ್ಕಳಿಗೆ ಅದೇ ಅಕ್ಕಿ ಬೇಳೆಯ ದುಡ್ಡು, ಬಾಡಿಗೆಯ ದುಡ್ಡು. ಆದರೆ ಅರ್ಜಿ ಆನ್‌ಲೈನ್‌ನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಇದೆ, ಪಿಎಫ್‌ನಲ್ಲಿ ಇಲ್ಲ. ಯುಎಎನ್‌ಗೆ, ಅಂದರೆ ಪಿಎಫ್ ಸದಸ್ಯರ ಗುರುತಿನ ಸಂಖ್ಯೆಗೆ, ಕೊಟ್ಟ ಮೊಬೈಲ್ ನಂಬರ್ ಯಾವತ್ತೋ ಬಿಟ್ಟುಹೋಗಿದೆ, ಓಟಿಪಿ ಬರುವುದಿಲ್ಲ. ಪಾಸ್‌ಬುಕ್ಕಿನ ಫೋಟೊ ಮಸುಕಾಗಿದ್ದಕ್ಕೆ ಕ್ಲೇಮ್ ತಿರಸ್ಕಾರ. "ಮೇಡಂ, ನನ್ನ ಪಿಎಫ್ ಬಂತಾ?" ಅಂತ ಬೆಳಗ್ಗೆ ಆರಕ್ಕೆ ಶುರುವಾದ ಫೋನ್ ರಾತ್ರಿ ಹನ್ನೊಂದಾದರೂ ನಿಲ್ಲುತ್ತಿರಲಿಲ್ಲ. ಅನ್ನಕ್ಕೆ ಕೈ ಹಾಕಿದಾಗಲೂ ಫೋನ್. ತೆಗೆಯದಿದ್ದರೆ ಮನಸ್ಸು ಚುಚ್ಚುತ್ತದೆ, ಅವರ ಮನೆಯಲ್ಲಿ ಒಲೆ ಹೊತ್ತಿದೆಯೋ ಇಲ್ಲವೋ ಅಂತ. ತೆಗೆದರೆ ನನ್ನ ಮನೆಯಲ್ಲಿ ನಾನಿಲ್ಲ.

ಹಾಗಾಗಿ ಮಾತಾಡುವ ಹೊತ್ತನ್ನೇ ನಿಗದಿ ಮಾಡಿದೆ. ಬೆಳಗ್ಗೆ 11ರಿಂದ 12, ಸಂಜೆ 5ರಿಂದ 6, ಫೋನ್ ಬರೀ ಅವರಿಗೆ. ಆಗ ಲೆಕ್ಕದ ಫೈಲ್ ಮುಟ್ಟುತ್ತಿರಲಿಲ್ಲ. ಏನೇನು ಬೇಕು, ಪಾಸ್‌ಬುಕ್ಕಿನ ಯಾವ ಪುಟದ ಫೋಟೊ ತೆಗೆಯಬೇಕು, ಹಗಲು ಬೆಳಕಿನಲ್ಲಿ ಹೇಗೆ ಹಿಡಿಯಬೇಕು ಅಂತ ಒಂದು ನಿಮಿಷದ ವಾಯ್ಸ್ ಮೆಸೇಜ್ ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು ಮಾಡಿ ಲೈನ್ ಸೂಪರ್‌ವೈಸರ್‌ಗಳಿಗೆ ಕಳಿಸಿದೆ. ಅವರು ಗ್ರೂಪಿಗೆ ಹಾಕಿದರು. ಅರ್ಧಕ್ಕರ್ಧ ಫೋನ್ ಕಡಿಮೆಯಾಯಿತು. ನಿಜವಾಗಿ ತೊಡಕು ಇದ್ದವರ ಜೊತೆ ಸಮಾಧಾನವಾಗಿ ಮಾತಾಡಲು ಟೈಮ್ ಸಿಕ್ಕಿತು. ಮ್ಯಾನೇಜರ್‌ಗೂ ಹೇಳಿದೆ, "ಸಾರ್, ಏಳು ಗಂಟೆ ಮೇಲೆ ಗ್ರೂಪ್ ನೋಡಲ್ಲ. ಅರ್ಜೆಂಟ್ ಇದ್ರೆ ಫೋನ್ ಮಾಡಿ, ತೆಗಿತೀನಿ." ಹೇಳುವ ಮುಂಚೆ ಭಯವಿತ್ತು. ಆ ದಿನಗಳಲ್ಲಿ ಕೆಲಸ ಹೋಗುವ ಹೆದರಿಕೆ ಯಾರಿಗಿರಲಿಲ್ಲ? ಅವರು ಸರಿ ಅಂದರು. ಗ್ರೂಪಿನಲ್ಲಿ ರಾತ್ರಿ ಬರುತ್ತಿದ್ದ ಅರ್ಜೆಂಟುಗಳಲ್ಲಿ ಫೋನ್ ಮಾಡುವಷ್ಟು ಅರ್ಜೆಂಟ್ ಇದ್ದದ್ದು ಬಹಳ ಕಡಿಮೆ. ಮನೆಯಿಂದ ಕೆಲಸ ಮಾಡುವವರು ಇದನ್ನು ಬಾಯಿಬಿಟ್ಟು ಹೇಳಲೇಬೇಕು. ನಾವು ಹೇಳದಿದ್ದರೆ ನಮಗೆ ಯಾವ ಹೊತ್ತೂ ಪರವಾಗಿಲ್ಲ ಅಂತಲೇ ಅಂದುಕೊಳ್ಳುತ್ತಾರೆ.

ಏಳಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ವೈರ್ ಸುತ್ತಿ, ಆಫೀಸ್ ಬ್ಯಾಗಿಗೆ ಹಾಕಿ ಜಿಪ್ ಎಳೆದು ಬೀರು ಮೇಲೆ ಇಡುತ್ತಿದ್ದೆ. ಮೇಜಿನ ಮೇಲೆ ಬಿಟ್ಟರೆ ಊಟ ಮಾಡುವಾಗಲೂ ಅದು ಕಣ್ಣೆದುರೇ ಇರುತ್ತದೆ.

ಕತ್ತು ನೋವು ಏಪ್ರಿಲ್‌ನಲ್ಲಿ ಶುರುವಾಯಿತು. ಲ್ಯಾಪ್‌ಟಾಪಿಗೆ ತಲೆ ಬಗ್ಗಿಸಿ ಕೂರುವುದೇ ಕಾರಣ. ಎರಡು ದಪ್ಪ ಸ್ಟೀಲ್ ಡಬ್ಬ ಬೋರಲು ಹಾಕಿ ಅದರ ಮೇಲೆ ಇಟ್ಟೆ, ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬಂತು. ಯಜಮಾನರು ಅಂಗಡಿಯ ಕಂಪ್ಯೂಟರಿನ ಕೀಬೋರ್ಡ್ ತಂದುಕೊಟ್ಟರು. ಬೆನ್ನಿಗೆ ದಿಂಬು, ಕಾಲ ಕೆಳಗೆ ಮಣೆ. ಕಣ್ಣಿಗೆ 20-20-20 ಅಂತ ಒಂದು ಅಭ್ಯಾಸ ಇದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡುವುದು. ನನಗೆ ಎದುರು ಮನೆಯ ಕಾಂಪೌಂಡಿನ ನುಗ್ಗೆ ಮರ ಅಷ್ಟು ದೂರಕ್ಕೆ ಸರಿಯಾಗಿತ್ತು.

ಅತ್ತೆಯದು ಟಿವಿ ಸಮಸ್ಯೆ. ಬೆಳಗ್ಗೆಯಿಂದ ನ್ಯೂಸ್ ಚಾನೆಲ್. ಆಗ ಕೋಲಾರ ಜಿಲ್ಲೆ ಹಸಿರು ವಲಯದಲ್ಲಿತ್ತು. ಮೇ ತಿಂಗಳು ಬರುವವರೆಗೂ ನಮ್ಮಲ್ಲಿ ಕೇಸ್ ಇರಲಿಲ್ಲ. ಆದರೂ ಅತ್ತೆಯ ಬಿಪಿ ಏರುತ್ತಲೇ ಇತ್ತು. ಬೈದು ಟಿವಿ ಆಫ್ ಮಾಡಿದರೆ ಹಿರಿಯರಿಗೆ ಅವಮಾನ. "ಅತ್ತೆ, ಸಂಜೆ ಹೆಲ್ತ್ ಡಿಪಾರ್ಟ್‌ಮೆಂಟಿನ ಬುಲೆಟಿನ್ ಬರುತ್ತೆ. ಅದನ್ನ ನಾನೇ ಓದಿ ಹೇಳ್ತೀನಿ, ಅದು ಸರಿಯಾದ ಲೆಕ್ಕ" ಅಂದೆ. ದಿನಾ ಸಂಜೆ ಕಾಫಿ ಕುಡಿಯುತ್ತ ಜಿಲ್ಲೆ ಜಿಲ್ಲೆಯ ಲೆಕ್ಕ ಓದುತ್ತಿದ್ದೆ, ಎಷ್ಟು ಜನ ಗುಣವಾಗಿ ಮನೆಗೆ ಹೋದರು ಅನ್ನುವುದನ್ನು ಬಿಡದೆ. ಅವರಿಗೆ ಸುದ್ದಿ ಬೇಕಿತ್ತು, ಜೊತೆಗೆ ಯಾರಾದರೂ ಹತ್ತಿರ ಕೂತು ಹೇಳುವುದೂ ಬೇಕಿತ್ತು. ಹಗಲಲ್ಲಿ ದೂರದರ್ಶನದ ಹಳೆ ರಾಮಾಯಣ ನೋಡಿಕೊಂಡು ಸೊಪ್ಪು ಬಿಡಿಸಿ ಕೊಡತೊಡಗಿದರು.

ಅಡುಗೆ ಮನೆಯ ಕೆಲಸ ಹಂಚಿಕೊಂಡೆವು. ಬೆಳಗಿನ ತಿಂಡಿ, ಪಾತ್ರೆ ಯಜಮಾನರದು. ಮಧ್ಯಾಹ್ನದ ಮುದ್ದೆ, ಸಾರು ನಾನು ಮತ್ತು ಅತ್ತೆ. ಬೋರ್ ನೀರು ಬರುವ ಹೊತ್ತಿಗೆ ಬಿಂದಿಗೆ, ಡ್ರಮ್ ತುಂಬುವುದು ಮಗಳದು. ಒಂದೇ ಮಾತಿಗೆ ಆದದ್ದಲ್ಲ, ಸ್ವಲ್ಪ ಜಗಳವೂ ಆಯಿತು. ಗಂಡಸರು ಮನೆಯಲ್ಲೇ ಇರುವಾಗಲೂ ಮೂರು ಹೊತ್ತಿನ ಅಡುಗೆ, ಜೊತೆಗೆ ಆಫೀಸು, ಎರಡೂ ಹೆಂಗಸಿನ ತಲೆ ಮೇಲೆ ಬಿದ್ದರೆ ಯಾವ ಯೋಗ, ಧ್ಯಾನವೂ ಅವಳನ್ನು ಉಳಿಸುವುದಿಲ್ಲ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಲೇಡೀಸ್ ಬೋಗಿಯ ಗೆಳತಿಯರು. ಗಾಡಿಯಲ್ಲಿ ದಿನಾ ಎದುರುಬದುರು ಕೂರುತ್ತಿದ್ದವರು. ಒಬ್ಬರು ಕೆಜಿಎಫ್, ಒಬ್ಬರು ಟೇಕಲ್, ಒಬ್ಬರು ಮಾಲೂರು. ಸೊಪ್ಪು ಬಿಡಿಸುತ್ತ, ಹೂ ಕಟ್ಟುತ್ತ, ಚಕ್ಕುಲಿ ಹಂಚಿಕೊಳ್ಳುತ್ತ ಬರುತ್ತಿದ್ದ ಜನ. ಸಂಜೆ ವಾಪಸ್ ಬರುತ್ತಿದ್ದ ಹೊತ್ತಿಗೇ ಕಾನ್ಫರೆನ್ಸ್ ಕಾಲ್ ಶುರುಮಾಡಿದೆವು. ವಿಡಿಯೋ ಬೇಡ ಅಂತ ತೀರ್ಮಾನ. ಕ್ಯಾಮೆರಾ ಮುಂದೆ ಮುಖ ನಗಿಸಿಕೊಂಡು ಕೂರುವುದು ಆಫೀಸಿನಲ್ಲೇ ಸಾಕಾಗಿತ್ತು. ಫೋನ್ ಸ್ಪೀಕರಿಗೆ ಹಾಕಿ ಬೀನ್ಸ್ ಮುರಿಯುತ್ತ ಮಾತು. ಟೊಮ್ಯಾಟೊ ಕೇಳುವವರಿಲ್ಲದೆ ಹೊಲದಲ್ಲೇ ಬಿಟ್ಟದ್ದು, ಸಂಬಳ ಅರ್ಧ ಬಂದದ್ದು, ಮಗನ ಹಠ, ಎಲ್ಲವೂ ಬರುತ್ತಿತ್ತು. ಒಬ್ಬರು ಸುಮ್ಮನಿದ್ದರೆ ಉಳಿದವರಿಗೆ ಗೊತ್ತಾಗುತ್ತಿತ್ತು. "ಯಾಕಕ್ಕ, ಇವತ್ತು ಮಾತೇ ಇಲ್ಲ?" ಅಂತ ಒಬ್ಬಳು ಕೇಳಿದರೆ ಸಾಕು, ಅಳು ಬಂದುಬಿಡುತ್ತಿತ್ತು. ಅತ್ತು ಮುಗಿಸಿ ರಾತ್ರಿಯ ಅಡುಗೆಗೆ ಏಳಬಹುದಿತ್ತು.

2021 ಬೇರೆಯೇ. ಏಪ್ರಿಲ್ 27ರಿಂದ ಕರ್ಫ್ಯೂ, ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ. ಆ ಸಲ ಕಾಯಿಲೆ ನಮ್ಮ ಬೀದಿಗೇ ಬಂತು, ಯಜಮಾನರಿಗೂ ಬಂತು. ಒಂದು ಕೋಣೆ ಅವರಿಗೆ ಬಿಟ್ಟೆವು. ಬಾಗಿಲ ಹೊರಗೆ ಸ್ಟೂಲ್ ಮೇಲೆ ತಟ್ಟೆ, ಬಿಸಿನೀರಿನ ಫ್ಲಾಸ್ಕ್. ಆಕ್ಸಿಮೀಟರ್ ರೀಡಿಂಗನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಫೋನ್ ಅಂತ ಮೊದಲೇ ಹೇಳಿದ್ದರು. ಬೋರಲು ಮಲಗಿಸುವುದೂ ಕಲಿತೆವು. ಅಷ್ಟು ದಿನ ಆಫೀಸಿಗೆ ರಜೆ ಹಾಕಿದೆ. ಕಾಯಿಲೆ ಮನೆಯಲ್ಲಿರುವಾಗ ಕೆಲಸವನ್ನೂ ಸರಿದೂಗಿಸುತ್ತೇನೆ ಅನ್ನುವ ಹಟ ಬೇಡವೇ ಬೇಡ. ಅದೇ ಹೊತ್ತಿಗೆ ಕೆಜಿಎಫ್‌ನಲ್ಲಿ, ಎಷ್ಟೋ ವರ್ಷದಿಂದ ಮುಚ್ಚಿದ್ದ ಚಿನ್ನದ ಗಣಿ ಕಂಪನಿಯ ಬಿಜಿಎಂಎಲ್ ಆಸ್ಪತ್ರೆಯನ್ನು ಊರವರೇ ಸೇರಿ ಗುಡಿಸಿ ತೊಳೆದು ಕೋವಿಡ್ ರೋಗಿಗಳಿಗೆ ಸಿದ್ಧ ಮಾಡಿದರು. ಗೆಳತಿಯೊಬ್ಬಳ ತಮ್ಮ ಆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಕೂತು ಹುಚ್ಚು ಹಿಡಿದ ಹಾಗಿದ್ದ ಹುಡುಗ, ಅಲ್ಲಿ ಹೋದ ಮೇಲೆ ಊಟ ಮಾಡಿ ನಿದ್ದೆ ಮಾಡತೊಡಗಿದ ಅಂತ ಅವಳು ಹೇಳಿದಳು.

ನಮ್ಮ ಗುಂಪಿನಲ್ಲಿ ಒಬ್ಬಳು ಅಣ್ಣನನ್ನು ಕಳೆದುಕೊಂಡಳು. ಮಣ್ಣಿಗೆ ಹೋಗಲೂ ಆಗಲಿಲ್ಲ. ಅವಳ ಜೊತೆ ನಾವು ಧೈರ್ಯದ ಮಾತು ಆಡಲಿಲ್ಲ. ಸಂಜೆ ಫೋನ್ ಮಾಡಿ ಅವಳು ಹೇಳುವಷ್ಟನ್ನು ಕೇಳುತ್ತಿದ್ದೆವು, ಅಣ್ಣನ ವಿಷಯವನ್ನೇ ಮಾತಾಡುತ್ತಿದ್ದೆವು. ಎರಡು ವಾರವಾದರೂ ಅವಳು ಊಟ ಬಿಟ್ಟೇ ಇದ್ದಳು, ಬದುಕಿ ಏನು ಪ್ರಯೋಜನ ಅನ್ನತೊಡಗಿದಳು. ಆಗ ನಿಮ್ಹಾನ್ಸ್‌ನವರು ನಡೆಸುತ್ತಿದ್ದ ಸಹಾಯವಾಣಿಗೆ ಫೋನ್ ಮಾಡಿಸಿದೆವು. ಕನ್ನಡದಲ್ಲೇ ನಿಧಾನವಾಗಿ ಮಾತಾಡಿದರು, ಮತ್ತೆ ಮಾಡಲು ಹೇಳಿದರು. ಈಗ ಅಂಥದ್ದಕ್ಕೆ ಟೆಲಿ ಮಾನಸ್ ಇದೆ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ನಂಬರ್ 14416, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನಂಬರ್ ಕಳಿಸಿ ಸುಮ್ಮನಾಗಬೇಡಿ. ಆ ಸ್ಥಿತಿಯಲ್ಲಿ ಇರುವವರಿಗೆ ಫೋನ್ ಎತ್ತಿ ಒತ್ತುವ ಶಕ್ತಿಯೂ ಇರುವುದಿಲ್ಲ. ಹತ್ತಿರವಿದ್ದರೆ ನೀವೇ ಒತ್ತಿ ಕೈಗೆ ಕೊಡಿ. ದೂರವಿದ್ದರೆ ಕಾನ್ಫರೆನ್ಸ್‌ಗೆ ಹಾಕಿ, ಆ ಕಡೆಯಿಂದ ಹಲೋ ಅಂದು ಮಾತು ಶುರುವಾಗುವವರೆಗೆ ಜೊತೆಗಿರಿ.